ಹುಳು ಮನೆಗೆ ಹೆಂಗಸರು ಬಂದದ್ದು ಯಾವಾಗ?

ಕಾವ್ಯ ರೇಷ್ಮೆ ವಿಸ್ತರಣೆಯ ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ ತುಂಬಿಲ್ಲ. ನಾನು ನಿವೃತ್ತಿಯಾದ ಮೇಲೆ ಬಹಳ ದಿನ ಖಾಲಿ ಬಿದ್ದಿದ್ದ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗಿ. ಏನಾದರೂ ತಿಳಿಯದಿದ್ದರೆ ಚಿಂತಾಮಣಿಯ ನಮ್ಮ ಮನೆಗೆ ಸ್ಕೂಟರಿನಲ್ಲಿ ಬಂದು ಕೇಳಿಕೊಂಡು ಹೋಗುತ್ತಾಳೆ. ಹೋದ ತಿಂಗಳು ಹಾಗೆ ಬಂದವಳು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿದಳು.

“ಮೇಡಂ, ಹುಳು ಸಾಕೋ ಕೆಲಸಕ್ಕೆ ಹೆಂಗಸ್ರು ಬರೋಕೆ ಶುರು ಮಾಡಿದ್ದು ಯಾವಾಗ? ನಿಮ್ಮ ಸರ್ವೀಸಲ್ಲೇ ಅಲ್ವಾ?”

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಅವಳ ತಪ್ಪಲ್ಲ, ಪಾಪ. ಬೆಂಗಳೂರಿನಲ್ಲಿ ಎರಡು ದಿನದ ತರಬೇತಿ ಮುಗಿಸಿಕೊಂಡು ಬಂದಿದ್ದಳು. ಅಲ್ಲಿ ಯಾರೋ ತಜ್ಞರು ಪರದೆಯ ಮೇಲೆ ಒಂದು ಇಂಗ್ಲಿಷ್ ಪದ ತೋರಿಸಿದರಂತೆ: ಫೆಮಿನೈಸೇಶನ್. ಅದರ ಕೆಳಗೆ ಕನ್ನಡದಲ್ಲಿ ‘ಸ್ತ್ರೀಕರಣ’ ಎಂದು ಬರೆದಿತ್ತಂತೆ. ಗಂಡಸರು ಬೇರೆ ಬೇರೆ ಕೆಲಸಗಳಿಗೆ ಹೋಗುತ್ತಿರುವುದರಿಂದ ರೇಷ್ಮೆ ಸಾಕಣೆ ನಿಧಾನವಾಗಿ ಹೆಂಗಸರ ಕೆಲಸವಾಗುತ್ತಿದೆ ಎಂದು ಅವರು ವಿವರಿಸಿದರಂತೆ. ತನ್ನ ತಾಲ್ಲೂಕಿನ ಒಂದೆರಡು ಉದಾಹರಣೆ ಹಾಕಿ ಕಾವ್ಯ ಆ ಬಗ್ಗೆ ಎರಡು ಪುಟ ಬರೆದು ಕಳಿಸಬೇಕಿತ್ತು.

ಆಗುತ್ತಿದೆಯಂತೆ. ಮೂವತ್ತಕ್ಕೂ ಹೆಚ್ಚು ವರ್ಷ ಹುಳು ಮನೆಗಳ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಂದವಳು ನಾನು. ಶಿಡ್ಲಘಟ್ಟವಾಗಲಿ, ಗೌರಿಬಿದನೂರಾಗಲಿ, ಚಿಂತಾಮಣಿಯ ಯಾವ ಹಳ್ಳಿಯಾಗಲಿ, ಒಳಗೆ ತಟ್ಟೆಗಳ ಮುಂದೆ ಬಗ್ಗಿ ಸೊಪ್ಪು ಹಾಕುತ್ತಿದ್ದವರು ಹೆಂಗಸರೇ. ಗಂಡಸರು ಗೂಡನ್ನು ಮಾರುಕಟ್ಟೆಗೆ ಒಯ್ಯುವ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕಾಣಿಸಿಕೊಳ್ಳುತ್ತಿದ್ದರು. ಇದು ನಿಮ್ಮ ತಜ್ಞರಿಗೆ ಈಗ ಗೊತ್ತಾಯಿತೇ ಎಂದು ಆ ಹುಡುಗಿಯ ಮೇಲೆ ರೇಗಿಬಿಟ್ಟೆ. ಅವಳು ಕಾಫಿ ಕುಡಿದು ಹೋದಳು.

ಅವಳು ಹೋದ ಮೇಲೆ ನಿಘಂಟು ತೆಗೆದೆ. ನಮ್ಮ ತಂದೆ ಗೌರಿಬಿದನೂರಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ಗೊತ್ತಿಲ್ಲದ ಪದ ಎದುರಾದರೆ ಅದರ ಅಪ್ಪ ಅಮ್ಮ ಯಾರೆಂದು ಮೊದಲು ವಿಚಾರಿಸು ಎನ್ನುತ್ತಿದ್ದರು. ವಿಚಾರಿಸಿದೆ. ಲ್ಯಾಟಿನ್ನಿನಲ್ಲಿ ಫೆಮಿನ ಎಂದರೆ ಹೆಂಗಸು. ಇನ್ನೂ ಹಿಂದಕ್ಕೆ ಹೋದರೆ ಅದರ ಬೇರಿಗೆ ಹಾಲೂಡುವುದು ಎಂಬ ಅರ್ಥವಿದೆ. ಕೊನೆಯಲ್ಲಿ ಅಂಟಿಕೊಂಡಿರುವ ‘ಐಸ್’ ಎಂಬ ಬಾಲ ಗ್ರೀಕಿನಲ್ಲಿ ಹುಟ್ಟಿ, ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದದ್ದು. ಹಾಗೆ ಮಾಡು, ಹಾಗಾಗಿಸು ಎಂದು ಅದರ ಅರ್ಥ. ಎರಡೂ ಸೇರಿದರೆ ಹೆಣ್ಣಾಗಿಸುವುದು, ಹೆಣ್ಣಾಗುವುದು. ಗಂಡು ದೇಹದಲ್ಲಿ ಹೆಣ್ಣಿನ ಲಕ್ಷಣ ಕಾಣಿಸಿಕೊಂಡರೆ ವೈದ್ಯರು ಈ ಪದ ಬಳಸುತ್ತಾರೆ. ಒಂದು ಕಸುಬಿಗೆ ಹೆಂಗಸರು ಹೆಚ್ಚು ಹೆಚ್ಚಾಗಿ ಬಂದು ಸೇರಿದರೆ ಸಮಾಜಶಾಸ್ತ್ರದವರು ಬಳಸುತ್ತಾರೆ.

ಪದದ ಬೇರಿನ ಬಗ್ಗೆ ನನ್ನ ತಕರಾರಿಲ್ಲ. ಮೊಟ್ಟೆಯೊಡೆದು ಆಗ ತಾನೇ ಹೊರಬಂದ ಹುಳುವಿಗೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸುವವಳನ್ನು ನೋಡಿದವರು ಅವಳನ್ನು ಹಾಲೂಡುವವಳು ಎಂದೇ ಕರೆದಾರು. ನನ್ನ ತಕರಾರು ಆ ‘ಆಗುವುದರ’ ಬಗ್ಗೆ. ಈಗ ಹೆಣ್ಣಾಗುತ್ತಿದೆ ಎಂದರೆ ಮೊದಲು ಏನಾಗಿತ್ತು? ಹೆಂಗಸರದೇ ಆಗಿದ್ದ ಕೆಲಸವನ್ನು ಕಾಗದದ ಮೇಲೆ ಗಂಡಸರದಾಗಿ ಮಾಡಿದ್ದು ಯಾರು? ಅವರಲ್ಲಿ ನಾನೂ ಒಬ್ಬಳು. ಆ ಮಾತನ್ನು ಹೇಳದೆ ಕಾವ್ಯಳ ಮೇಲೆ ರೇಗಿದ್ದಕ್ಕೆ ನನಗೇ ನಾಚಿಕೆಯಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸೇರಿದ್ದು ಪ್ರದರ್ಶಕಿಯಾಗಿ. ಹಳ್ಳಿಗಳಿಗೆ ಹೋಗಿ, ಹುಳು ಸಾಕುವವರಿಗೆ ಹೊಸ ವಿಧಾನಗಳನ್ನು ಮಾಡಿ ತೋರಿಸುವುದು ನಮ್ಮ ಕೆಲಸ. ನನಗೆ ಕೊಟ್ಟ ಹಳ್ಳಿಗಳು ಕೆಂಚಾರ್ಲಹಳ್ಳಿಯ ಆಚೀಚೆ ಇದ್ದವು. ಮೊದಲ ದಿನ ಹೋದದ್ದು ವೆಂಕಟರೆಡ್ಡಿ ಎಂಬ ಜಮೀನುದಾರರ ಮನೆಗೆ. ಅವರ ತಾಯಿ ಅಕ್ಕಯಮ್ಮ ಹುಳು ಮನೆಯ ಹೊಸಿಲಲ್ಲೇ ಕೂತಿದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು.

“ಆಚೆ ಏನಾದ್ರೂ ಇದೀಯೇನಮ್ಮ? ಇದ್ರೆ ಅಲ್ಲೇ ನಿಂತ್ಕೊ. ಲೋಪಲ ಪುರುಗುಲು ಉನ್ನಾಯಿ.”

ಒಳಗೆ ಹುಳುಗಳಿವೆ ಎಂದು ತೆಲುಗಿನಲ್ಲಿ ಹೇಳಿದ್ದು. ಆಚೆ ಇರುವುದೆಂದರೆ ಮುಟ್ಟಾಗಿರುವುದು. ಆ ಕಡೆಯ ಮನೆಗಳಲ್ಲೆಲ್ಲ ಮುಟ್ಟಾದವಳ ನೆರಳು ಬಿದ್ದರೆ ಹುಳು ಕೆಡುತ್ತದೆ ಎಂದು ನಂಬಿದ್ದರು. ನಾನು ಮೈಸೂರಿನಲ್ಲಿ ಆರು ತಿಂಗಳು ತರಬೇತಿ ಪಡೆದು, ಬ್ಯಾಗಿನಲ್ಲಿ ಉಷ್ಣಮಾಪಕ ಇಟ್ಟುಕೊಂಡು ಬಂದ ಸರ್ಕಾರಿ ನೌಕರಳು. ಜೊತೆಗೆ ಬಂದಿದ್ದ ಗಂಡಸು ಸಹೋದ್ಯೋಗಿಯ ಮುಂದೆ ನನಗೆ ಈ ಪ್ರಶ್ನೆ. ಅವನನ್ನು ಕೈ ತೊಳೆದಿದ್ದೀಯಾ ಎಂದು ಕೂಡ ಯಾರೂ ಕೇಳಲಿಲ್ಲ. ಇಲ್ಲ ಎಂದು ತಲೆಯಾಡಿಸಿ ಒಳಗೆ ಹೋದೆ. ಮುಂದೆ ಮೂವತ್ತು ಚಿಲ್ಲರೆ ವರ್ಷ, ನಿಜವಿದ್ದರೂ ಇಲ್ಲದಿದ್ದರೂ ಹಾಗೆಯೇ ತಲೆಯಾಡಿಸಿದೆ. ನನ್ನಿಂದ ಒಂದು ಹುಳುವೂ ಸಾಯಲಿಲ್ಲ.

ಒಳಗೆ ರತ್ನಮ್ಮ ಇದ್ದಳು. ವೆಂಕಟರೆಡ್ಡಿಯ ಹೆಂಡತಿ. ಮದುವೆಯಾಗಿ ಎರಡು ವರ್ಷವಾಗಿತ್ತು, ನನಗಿಂತ ಮೂರು ನಾಲ್ಕು ವರ್ಷ ಚಿಕ್ಕವಳು. ಸಣ್ಣ ಹುಳುವನ್ನು ಅವಳಂತೆ ನೋಡಿಕೊಳ್ಳುವವರನ್ನು ನಾನು ಆಮೇಲೆ ಕಂಡಿಲ್ಲ. ಹುಳು ಪೊರೆ ಕಳಚುವ ಮೊದಲು ಮೇವು ಬಿಟ್ಟು ತಲೆಯೆತ್ತಿ ಕೂರುತ್ತದೆ, ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆ ಹೊತ್ತು ತಿಳಿಯದೆ ಸೊಪ್ಪು ಹಾಕಿದರೆ ಬೆಳೆ ಏರುಪೇರಾಗುತ್ತದೆ. ನಾವು ಪುಸ್ತಕ ನೋಡಿ, ಗಂಟೆ ಲೆಕ್ಕ ಹಾಕಿ ಹೇಳುತ್ತಿದ್ದುದನ್ನು ರತ್ನಮ್ಮ ತಟ್ಟೆಯ ಮೇಲೆ ಬಗ್ಗಿ ಹೇಳಿಬಿಡುತ್ತಿದ್ದಳು. ಕೋಳಿ ಪುಕ್ಕದಿಂದ ಹುಳುಗಳನ್ನು ತಟ್ಟೆಯಿಂದ ತಟ್ಟೆಗೆ ಸರಿಸುವಾಗ ಒಂದೂ ಕೆಳಗೆ ಬೀಳುತ್ತಿರಲಿಲ್ಲ.

“ಇವಕ್ಕೆ ಹೊಟ್ಟೆ ತುಂಬಿದ್ರೆ ಬಣ್ಣ ಬೇರೆ ಆಯ್ತದೆ ಮೇಡಮ್ಮ. ನೋಡಿ, ಇವು ಇನ್ನೂ ಬೇಕು ಅಂತವೆ” ಎಂದಳು ಮೊದಲ ದಿನವೇ. ಪ್ರದರ್ಶನ ಮಾಡಲು ಹೋದವಳು ನಾನು. ಕಲಿತು ಬಂದವಳೂ ನಾನೇ. ಅಂದು ಸಂಜೆ ಕಚೇರಿಯ ಪುಸ್ತಕದಲ್ಲಿ ನಾನು ಬರೆದದ್ದು: ಸಾಕಣೆದಾರರು ವೆಂಕಟರೆಡ್ಡಿ, ಬೆಳೆ ತೃಪ್ತಿಕರ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆಗಿನ ನಮ್ಮ ಸಾಹೇಬರು ಈಗಿಲ್ಲ. ಹೆಸರು ಹೇಳುವುದಿಲ್ಲ. ನಶ್ಯದ ಚಟವಿತ್ತು. ಜೇಬಿನಲ್ಲಿ ಸದಾ ಒಂದು ಡಬ್ಬಿ, ಬೆರಳ ತುದಿಯಲ್ಲಿ ಸದಾ ಕಂದು ಬಣ್ಣ. ಒಂದು ದಿನ ಬೆಳಿಗ್ಗೆ ತಪಾಸಣೆಗೆಂದು ವೆಂಕಟರೆಡ್ಡಿಯ ಮನೆಗೆ ಬಂದರು. ಹುಳುಗಳು ಎರಡನೇ ಜ್ವರ ಎದ್ದ ದಿನ. ಹಸಿದಿದ್ದವು. ಅಕ್ಕಯಮ್ಮ ಎದ್ದು ನಿಂತು ಕೈಮುಗಿದರು. ಸಾಹೇಬರು ಹೊಸಿಲಲ್ಲಿ ನಿಂತು ಒಂದು ಚಿಟಿಕೆ ಏರಿಸಿ, ಕೈಯನ್ನು ಕರವಸ್ತ್ರಕ್ಕೆ ಒರೆಸಿ ಒಳಗೆ ನಡೆದರು. ರತ್ನಮ್ಮ ಸೊಪ್ಪು ಹೆಚ್ಚಿ ರಾಶಿ ಹಾಕಿದ್ದಳು.

“ಇವ್ರಿಗೆ ಬಾಯಲ್ಲಿ ಹೇಳಿದ್ರೆ ಹತ್ತಲ್ಲಮ್ಮ, ಮಾಡಿ ತೋರಿಸ್ಬೇಕು” ಎಂದು ನನಗೆ ಹೇಳಿ, ಎರಡೂ ಕೈಯಲ್ಲಿ ಸೊಪ್ಪನ್ನು ಕಲಸಿ ಕಲಸಿ ಎತ್ತಿ ತಟ್ಟೆಗಳಿಗೆ ಉದುರಿಸುತ್ತಾ ಹೋದರು. ಸ್ಟ್ಯಾಂಡಿನ ಕೆಳಗಿನ ಎರಡು ತಟ್ಟೆಗೆ ಹೊಟ್ಟೆ ಅಡ್ಡ ಬಂದು ಬಗ್ಗಲಾಗಲಿಲ್ಲ. ಅವಕ್ಕೆ ಬೇರೆ ಸೊಪ್ಪು ಹೆಚ್ಚಿ ತಂದು ರತ್ನಮ್ಮ ಹಾಕಿದಳು.

ಹೊಗೆಸೊಪ್ಪಿನ ಸೋಂಕು ಹುಳುವಿಗೆ ವಿಷ. ತರಬೇತಿಯ ಮೊದಲ ವಾರವೇ ಹೇಳಿಕೊಟ್ಟಿದ್ದರು. ಬಾಗಿಲಲ್ಲಿ ನಿಂತ ನನ್ನ ನಾಲಗೆಯ ತುದಿಗೆ ಬಂದಿತ್ತು, ಸರ್ ಕೈ ತೊಳೆದುಕೊಳ್ಳಿ ಎಂದು. ಆಡಲಿಲ್ಲ. ಸಾಹೇಬರಿಗೆ ಕೈ ತೊಳೆಯಲು ಹೇಳುವ ಕಾಲವಾಗಿರಲಿಲ್ಲ ಅದು. ಈಗಲೂ ಆ ಕಾಲ ಬಂದಿದೆಯೋ ಇಲ್ಲವೋ ಕಾವ್ಯಳನ್ನೇ ಕೇಳಬೇಕು.

ಮಾರನೆಯ ದಿನ ವೆಂಕಟರೆಡ್ಡಿ ಹೇಳಿ ಕಳಿಸಿದರು. ಹೋಗಿ ನೋಡಿದರೆ ಹುಳುಗಳು ಮೇವು ಬಿಟ್ಟು, ತಲೆಯೆತ್ತಿ ಅತ್ತಿತ್ತ ತೂಗಾಡುತ್ತಾ ಬಾಯಿಂದ ರಸ ಕಾರಿ ಮುದುಡಿ ಬಿದ್ದಿದ್ದವು. ಪುಸ್ತಕದಲ್ಲಿ ಓದಿದ್ದ ಲಕ್ಷಣ ಒಂದಕ್ಷರ ತಪ್ಪದೆ ಕಣ್ಣ ಮುಂದಿತ್ತು. ಕೆಳಗಿನ ಎರಡು ತಟ್ಟೆ ಮಾತ್ರ ಚೆನ್ನಾಗಿದ್ದವು. ರತ್ನಮ್ಮ ಹುಳು ಮನೆಯಲ್ಲಿರಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಮುಖ ತಿರುಗಿಸಿಕೊಂಡು ಕೂತಿದ್ದಳು. ಹಿಂದಿನ ದಿನ ಅವಳು ಮುಟ್ಟಾಗಿ ಎರಡನೇ ದಿನ. ಅತ್ತೆಗೆ ಬಗ್ಗಲಾಗದು, ಸೊಪ್ಪು ಹಾಕಲು ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಯಾರಿಗೂ ಹೇಳದೆ ಒಳಗೆ ಹೋಗಿದ್ದಳು. ಅಕ್ಕಯಮ್ಮನಿಗೆ ಅದು ಗೊತ್ತಾಗಿಬಿಟ್ಟಿತ್ತು.

ಕಚೇರಿಗೆ ಹೋಗಿ ಧೈರ್ಯ ಮಾಡಿ ಬಾಯಿಬಿಟ್ಟೆ. “ಸರ್, ಅದು ನಶ್ಯದಿಂದ ಆಗಿರೋದು. ನೀವು ಸೊಪ್ಪು ಮುಟ್ಟಿದ ತಟ್ಟೆಗಳೇ ಹೋಗಿವೆ.”

ಸಾಹೇಬರು ಕೋಪ ಮಾಡಿಕೊಳ್ಳಲಿಲ್ಲ. ನಗುತ್ತಾ ಕೇಳಿದರು. “ನಿನ್ನ ಪ್ರೊಬೇಷನ್ ಯಾವಾಗಮ್ಮ ಮುಗಿಯೋದು?”

ನಾನು ಹೇಳಿದೆ. ಅವರು ಕಾಗದ ಮುಂದಕ್ಕೆ ತಳ್ಳಿ ಬರೆಸಿದರು. ನನ್ನ ಕೈಬರಹದಲ್ಲೇ ಬರೆದೆ. ಸಾಕಣೆ ಮನೆಯಲ್ಲಿ ಮಹಿಳೆಯರು ಶುಚಿತ್ವ ಪಾಲಿಸದೆ ಇರುವುದು ಬೆಳೆ ಹಾನಿಗೆ ಕಾರಣವಾಗಿರುತ್ತದೆ. ಸಹಿ ಹಾಕಿದೆ. ಆ ಮನೆಯ ಕಾಗದಗಳಲ್ಲಿ ಅದುವರೆಗೆ ಎಲ್ಲಿಯೂ ಹೆಂಗಸಿನ ಸುಳಿವೇ ಇರಲಿಲ್ಲ. ಬೆಳೆ ಬಂದಾಗಲೆಲ್ಲ ವೆಂಕಟರೆಡ್ಡಿ, ಬೆಳೆ ಹೋದಾಗ ಮಹಿಳೆಯರು. ತಜ್ಞರು ಸ್ತ್ರೀಕರಣ ಎನ್ನುವುದನ್ನು ನಾನು ಹೀಗೆ ಮಾಡಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ವರದಿಯಲ್ಲಿ ಏನಿದೆ ಎಂದು ವೆಂಕಟರೆಡ್ಡಿ ಕೇಳಿದ್ದಕ್ಕೆ ಅವರ ಜಗಲಿಯಲ್ಲಿ ನಿಂತು ನಾನೇ ಅದನ್ನು ಓದಿ ಹೇಳಬೇಕಾಯಿತು. ಅಕ್ಕಯಮ್ಮ ಹಿತ್ತಲ ಕಡೆ ತಿರುಗಿ, “ಚೂಸಿನಾವಾ, ನೋಡಿದ್ಯಾ? ಸರ್ಕಾರದವ್ರೇ ಬರ್ದವ್ರೆ” ಎಂದರು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ರತ್ನಮ್ಮ ಒಂದು ಸಲ ನನ್ನ ಮುಖ ನೋಡಿದಳು. ನಾನು ಕಾಗದ ಮಡಿಸುವುದರಲ್ಲಿ ತೊಡಗಿಕೊಂಡೆ. ಅಂದಿನಿಂದ ಅವಳು ಸಣ್ಣ ಹುಳು ಮುಟ್ಟಬಾರದೆಂದು ಮನೆಯಲ್ಲಿ ತೀರ್ಮಾನವಾಯಿತು. ತೋಟದಲ್ಲಿ ಸೊಪ್ಪು ಕೊಯ್ದು ಹೊತ್ತು ತರುವುದು ಅವಳ ಪಾಲಿಗೆ ಬಂತು. ಸ್ವಲ್ಪ ದಿನಕ್ಕೆ ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಹೋಗುವಾಗ ನಾನು ಅವಳಿಗೆ ಹೇಳಿ ಹೋಗಲಿಲ್ಲ.

ಪ್ರೊಬೇಷನ್ ಮುಗಿದ ಮೇಲೆ ನನಗೆ ನಾಲಗೆ ಬಂತು. ಬಂದದ್ದು ಸ್ವಲ್ಪ ಜಾಸ್ತಿಯೇ ಎಂದು ಆಮೇಲಿನ ಮೇಲಧಿಕಾರಿಗಳು ಹೇಳುತ್ತಿದ್ದರು. ವಿದುರಾಶ್ವತ್ಥದ ಹತ್ತಿರ ಒಂದು ಹಳ್ಳಿಯಲ್ಲಿ ತರಬೇತಿ ಶಿಬಿರ ಮಾಡಿದೆವು. ರೈತರು ಬರಬೇಕೆಂದು ಡಂಗುರ ಸಾರಿಸಿದೆವು, ಗಂಡಸರು ಬಂದರು. ಸಾಲಾಗಿ ಕೂತು, ಬೋಂಡ ತಿಂದು, ಸಹಿ ಮಾಡಿ, ಎರಡು ಪುಡಿಗಳ ಪೊಟ್ಟಣ ತೆಗೆದುಕೊಂಡು ಹೋದರು. ಒಂದು ಹುಳುವಿನ ಮೇಲೆ ಉದುರಿಸುವ ಔಷಧ, ಇನ್ನೊಂದು ಮನೆ ತೊಳೆಯುವ ಬ್ಲೀಚಿಂಗ್ ಪುಡಿ. ಒಬ್ಬ ಮನೆಗೆ ಹೋಗಿ ಪೊಟ್ಟಣಗಳನ್ನು ಮೂಲೆಯಲ್ಲಿಟ್ಟು, ಪುಡಿ ಹಾಕಬೇಕಂತೆ ಎಂದಷ್ಟೇ ಹೇಳಿ ಪೇಟೆಗೆ ಹೋದ. ಯಾವುದು ಎಂದು ಹೆಂಡತಿ ಕೂಗಿ ಕೇಳಿದ್ದಕ್ಕೆ, ದೊಡ್ಡ ಪೊಟ್ಟಣ ಎಂದನಂತೆ. ಅವಳು ಬ್ಲೀಚಿಂಗ್ ಪುಡಿಯನ್ನು ಹುಳುವಿನ ಮೇಲೆ ಉದುರಿಸಿದಳು.

ನಾನು ಹೋದಾಗ ಅವಳು ಸತ್ತ ಹುಳುಗಳನ್ನು ಮಂಕರಿಯಲ್ಲಿ ತುಂಬುತ್ತಾ ಅಳುತ್ತಿದ್ದಳು. ಗಂಡ, “ಇವ್ಳಿಗೆ ಬುದ್ಧಿ ಇಲ್ಲ ಮೇಡಂ” ಎಂದ. ತರಬೇತಿಗೆ ಬಂದು ಬೋಂಡ ತಿಂದವನು ನೀನು, ಬುದ್ಧಿ ಇರಬೇಕಾದ್ದು ಯಾರಿಗೆ ಎಂದು ಕೇಳಿದೆ. ಈ ಸಲ ವರದಿಯಲ್ಲಿ ನನ್ನ ಮಾತೇ ಬರೆದೆ. ಹುಳು ಸಾಕದವರಿಗೆ ತರಬೇತಿ ಕೊಟ್ಟದ್ದೇ ಹಾನಿಗೆ ಕಾರಣ ಎಂದು. ಆ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದು ಮೇಲಿನಿಂದ ವಾಪಸು ಕಳಿಸಿದರು. ನಾನು ಅದೇ ಸಾಲನ್ನು ಮತ್ತೆ ಬರೆದು ಕಳಿಸಿದೆ. ಆಮೇಲೆ ಬೆಳಗಿನ ಮೇವು ಮುಗಿದು ಸಂಜೆಯ ಮೇವಿಗೆ ಇನ್ನೂ ಹೊತ್ತಿರುವಾಗ, ಮಧ್ಯಾಹ್ನ ಯಾರದಾದರೂ ಜಗಲಿಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಹೇಳಿಕೊಡಲು ಶುರುಮಾಡಿದೆ. ಹೊಸದಾಗಿ ಬಂದಿದ್ದ ಅಧಿಕಾರಿಯೊಬ್ಬರು ಜೀಪಿನಿಂದ ಇಳಿಯದೆಯೇ, “ಇದೇನ್ರೀ, ತರಬೇತಿನೋ ಅರಿಶಿನ ಕುಂಕುಮನೋ?” ಎಂದರು. ಎರಡಕ್ಕೂ ಕೆಲಸ ಮಾಡುವವರೇ ಬರುತ್ತಾರೆ ಸರ್ ಎಂದೆ.

ಚಿಕ್ಕಬಳ್ಳಾಪುರದಲ್ಲಿ ಉತ್ತಮ ಸಾಕಣೆದಾರರಿಗೆ ಸನ್ಮಾನ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ನಗುವಿನ ಹಿಂದೆಯೇ ಸಿಟ್ಟೂ ಬರುತ್ತದೆ. ವೇದಿಕೆಯಲ್ಲಿ ಶಾಲು, ಹಾರ, ಮೈಸೂರು ಪೇಟ ಎಲ್ಲ ಹುಳು ಸಾಕಿದವಳ ಗಂಡನಿಗೆ. ಅತಿಥಿಗಳು ಪ್ರೀತಿಯಿಂದ, ದೊಡ್ಡ ಹುಳುವಿಗೆ ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕುತ್ತೀರಿ ಎಂದು ಮೈಕಿನಲ್ಲಿ ಕೇಳಿಬಿಟ್ಟರು. ಸನ್ಮಾನಿತ ಮಹಾಶಯ ಸಭೆಯಲ್ಲಿ ಹೆಂಡತಿ ಎಲ್ಲಿದ್ದಾಳೆಂದು ಹುಡುಕಿದ. ಅವಳು ಹಿಂದಿನ ಸಾಲಿನಿಂದ ಬೆರಳು ಎತ್ತಿ ತೋರಿಸಿದಳು. ಅವನು ಅದನ್ನು ನೋಡಿ ಹೇಳಿದ, ಜನ ಚಪ್ಪಾಳೆ ತಟ್ಟಿದರು. ಸಾಕಣೆದಾರ ಎಂಬ ಕಾಲಮಿನಲ್ಲಿ ಇವಳ ಹೆಸರನ್ನೂ ಸೇರಿಸೋಣ ಎಂದು ನಾನು ಕೇಳಿದ್ದಕ್ಕೆ, ಆ ಕಾಲಮಿನಲ್ಲಿ ಒಂದು ಹೆಸರಿಗೇ ಜಾಗವಿರುವುದು ಎಂದು ಉತ್ತರ ಬಂದಿತ್ತು.

ವಿಧಾನಗಳು ಬದಲಾದವು. ನಾನು ಸೇರಿದಾಗ ಬಿದಿರಿನ ತಟ್ಟೆಗೆ ಸಗಣಿ ಸಾರಿಸಿ ಒಣಗಿಸುತ್ತಿದ್ದರು, ಸೊಪ್ಪನ್ನು ಒಂದೊಂದು ಎಲೆಯಾಗಿ ಬಿಡಿಸುತ್ತಿದ್ದರು. ಆಮೇಲೆ ಸೊಪ್ಪನ್ನು ಕಡ್ಡಿ ಸಮೇತ ಹಾಕುವ ರೂಢಿ ಬಂತು. ಬೆನ್ನಿಗೆ ಸ್ವಲ್ಪ ಬಿಡುವಾಯಿತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಚಾಕಿ ಕೇಂದ್ರಗಳದ್ದು. ಮೊದಲು ಮೊಟ್ಟೆ ಮನೆಗೇ ಬರುತ್ತಿತ್ತು. ಮರಿ ಹೊರಬಂದ ಕ್ಷಣದಿಂದ ಗೂಡು ಕಟ್ಟುವವರೆಗೆ ಮನೆಯಲ್ಲೇ ಸಾಕಬೇಕಿತ್ತು. ಈಗ ಸಣ್ಣ ಹುಳುವನ್ನು ಕೇಂದ್ರಗಳಲ್ಲಿ ಒಟ್ಟಾಗಿ ಸಾಕಿ, ಎರಡು ಜ್ವರ ದಾಟಿಸಿ ಗಾಡಿಯಲ್ಲಿ ಮನೆಮನೆಗೆ ತಲುಪಿಸುತ್ತಾರೆ. ಬೆಳೆ ಹೋಗುವುದು ತುಂಬ ಕಡಿಮೆಯಾಯಿತು. ಒಳ್ಳೆಯ ಬದಲಾವಣೆ, ನಾನೂ ಮನೆಮನೆಗೆ ಹೋಗಿ ಒಪ್ಪಿಸಿದವಳೇ.

ಇದನ್ನು ಓದುವ ಹೊಸಬರಿಗೆ ಒಂದು ಮಾತು ಹೇಳುತ್ತೇನೆ, ಮುದುಕಿಯ ಉಪದೇಶ ಎಂದು ಬೈದುಕೊಂಡರೂ ಸರಿ. ಹುಳು ಮನೆಗೆ ಹೋದಾಗ ಮೊದಲು ಸೊಪ್ಪು ಹಾಕುತ್ತಿರುವವರ ಹೆಸರು ಕೇಳಿ. ಕಾಲಮಿನಲ್ಲಿ ಜಾಗವಿಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ. ಯಾರಾದರೂ ಹೇಳಿ ಬರೆಸಿದ ಸಾಲಿಗೆ ಸಹಿ ಹಾಕುವ ಮೊದಲು, ಅದನ್ನು ಯಾರ ಮುಂದೆ ನಿಂತು ಓದಬೇಕಾಗುತ್ತದೆ ಎಂದು ಯೋಚಿಸಿ. ನಾನು ಯೋಚಿಸಿರಲಿಲ್ಲ.

ಕಾವ್ಯ ಒಂದು ವಾರ ಬಿಟ್ಟು ಮತ್ತೆ ಬಂದಳು. ನಾನು ರೇಗಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಉದಾಹರಣೆಗೆ ಒಂದು ಮನೆ ಸಿಕ್ಕಿದೆ, ಮಗ ದೇವನಹಳ್ಳಿ ಕಡೆ ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ, ಅತ್ತೆ ಸೊಸೆ ಇಬ್ಬರೇ ಹುಳು ಸಾಕುತ್ತಾರೆ, ನೀವೂ ಬನ್ನಿ ಎಂದಳು. ಊರಿನ ಹೆಸರು ಹೇಳಿದಳು. ಯಾರ ಮನೆ ಎಂದು ಕೇಳಿದೆ. ವೆಂಕಟರೆಡ್ಡಿ ಅಂತ, ಈಗ ಅವರಿಲ್ಲ, ಹೆಂಡತಿ ರತ್ನಮ್ಮ ಅಂತ ಇದ್ದಾರೆ ಎಂದಳು. ಹೋಗದಿರಲು ಮೂರು ನಾಲ್ಕು ನೆಪ ಹೊಳೆದವು. ಅವಳ ಸ್ಕೂಟರಿನ ಹಿಂದೆ ಕೂತು ಹೋದೆ.

ಹಳೆಯ ಹುಳು ಮನೆ ಬಿದ್ದುಹೋಗಿ ಅಲ್ಲಿ ಶೀಟು ಹೊದಿಸಿದ ಹೊಸ ಶೆಡ್ಡು ಎದ್ದಿತ್ತು. ರತ್ನಮ್ಮ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬರುತ್ತಿದ್ದಳು. ಮಂಡಿ ನೋವಿರಬೇಕು, ಒಂದು ಕಡೆಗೆ ವಾಲಿ ನಡೆಯುತ್ತಿದ್ದಳು. ನನ್ನನ್ನು ಕಂಡು ಗುರುತು ಹಿಡಿದು ನಕ್ಕಳು. ಸೊಸೆ ಶಿಲ್ಪಾ ಶೆಡ್ಡಿನಿಂದ ದೂರ, ಹುಣಸೆ ಮರದ ಕೆಳಗೆ ಮೊಬೈಲು ಹಿಡಿದು ಕೂತಿದ್ದಳು.

“ಅತ್ತೆಗೆ ಮಂಡಿ ನೋವಿದೆ, ನೀವು ಸೊಪ್ಪು ಹಾಕಲ್ವಾ?” ಎಂದಳು ಕಾವ್ಯ.

“ಹಾಕ್ತೀನಿ ಮೇಡಂ. ಮೂರು ದಿನ ನಾನು ಆಚೆ. ಒಳಗೆ ಬಿಡಲ್ಲ” ಎಂದಳು ಶಿಲ್ಪಾ, ಅತ್ತೆಗೆ ಕೇಳಿಸುವಂತೆಯೇ.

ರತ್ನಮ್ಮ ಹೊರೆ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಓದಿದ ಹುಡ್ಗೀರು ನಂಬಲ್ಲ ಮೇಡಮ್ಮ. ನನ್ನ ಕೈಯಾರೆ ಆಗಿರೋದು ಇದು. ಎರಡನೇ ಜ್ವರ ಎದ್ದ ಹುಳ, ತಟ್ಟೆಗಟ್ಲೆ ಸತ್ತೋದವು. ಹಸ್ಕೊಂಡವೆ ಅಂತ ಹೋಗಿ ನಾನೇ ಕೊಂದೆ. ನಮ್ಮತ್ತೆ ಸಾಯೋವರ್ಗೂ ನಾನು ಸಣ್ಣ ಹುಳ ಮುಟ್ಟಲಿಲ್ಲ.” ಕಾವ್ಯಳ ಕಡೆ ತಿರುಗಿ ನನ್ನನ್ನು ತೋರಿಸಿದಳು. “ಇವ್ರೇ ರಿಪೋರ್ಟ್ ಓದಿದ್ದು, ಕೇಳು ಬೇಕಾದ್ರೆ.”

ಇಷ್ಟು ವರ್ಷ ನಾನು ಬೇರೆಯೇ ಅಂದುಕೊಂಡಿದ್ದೆ. ಅತ್ತೆಯ ಬಾಯಿ ಮುಚ್ಚಿಸಲಾಗದೆ ರತ್ನಮ್ಮ ಸುಮ್ಮನಾಗಿರಬೇಕು, ಒಳಗೊಳಗೇ ನನ್ನನ್ನು ಬೈದುಕೊಂಡಿರಬೇಕು ಎಂದು. ಅವಳು ನನ್ನನ್ನು ನಂಬಿದ್ದಳು. ನನ್ನ ಸಹಿಯನ್ನು ನಂಬಿ, ಅದರ ಬಲದ ಮೇಲೆ ಸೊಸೆಯನ್ನು ಮರದ ಕೆಳಗೆ ಕೂರಿಸಿದ್ದಳು.

ಹೇಳಿದೆ. ನಶ್ಯದ ಡಬ್ಬಿ, ಸಾಹೇಬರ ಕೈ, ಪ್ರೊಬೇಷನ್, ಬರೆಸಿದ ಸಾಲು, ಎಲ್ಲವನ್ನೂ ನಿಂತಲ್ಲೇ ಹೇಳಿದೆ. ಕಾವ್ಯ ನನ್ನ ಮುಖವನ್ನೇ ನೋಡುತ್ತಿದ್ದಳು. ಶಿಲ್ಪಾ ಎದ್ದು ಹತ್ತಿರ ಬಂದಿದ್ದಳು. ರತ್ನಮ್ಮ ಒಂದೇ ಪ್ರಶ್ನೆ ಕೇಳಿದಳು.

“ಕೆಳಗಡೆ ಎರಡು ತಟ್ಟೆ ಉಳ್ಕೊಂಡ್ವು. ಅವಕ್ಕೆ ಸೊಪ್ಪು ಹಾಕಿದ್ದು ನಾನಲ್ವಾ?”

“ನೀನೇ ಕಣಮ್ಮ” ಎಂದೆ. “ನೀನು ಹಾಕಿದ್ದೇ ಉಳ್ಕೊಂಡಿದ್ದು.”

ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಸೊಸೆಯ ಕಡೆ ನೋಡಿ, “ಶಿಲ್ಪಾ, ಕೈ ತೊಳ್ಕೊಂಡು ಒಳಕ್ಕೆ ಹೋಗು. ಸೊಪ್ಪು ಬಾಡ್ತದೆ” ಎಂದಳು. ಶಿಲ್ಪಾ ಒಂದು ಕ್ಷಣ ಅನುಮಾನಿಸಿ, ಕೈ ತೊಳೆದು, ಹೊರೆಯ ಒಂದು ತುದಿ ಹಿಡಿದು ಎಳೆದುಕೊಂಡು ಒಳಗೆ ಹೋದಳು.

ನನಗೆ ಏನಾದರೂ ಹೇಳಲೇಬೇಕೆನಿಸಿತು. ಹೇಳಿದ್ದು ನನ್ನ ಕೊನೆಯ ದಡ್ಡತನ. “ಇನ್ನು ಮೇಲೆ ನೀನೂ ಸಣ್ಣ ಹುಳ ನೋಡ್ಕೋಬಹುದಲ್ಲ ರತ್ನಮ್ಮ” ಎಂದೆ.

ಅವಳು ನನ್ನನ್ನು ನೋಡಿದಳು. ಜಗಲಿಯಲ್ಲಿ ಅಂದು ಒಂದು ಸಲ ನೋಡಿದ್ದಕ್ಕಿಂತ ಹೆಚ್ಚು ಹೊತ್ತು. ಈ ಸಲ ಮಡಿಸಲು ನನ್ನ ಕೈಯಲ್ಲಿ ಕಾಗದವಿರಲಿಲ್ಲ.

“ಸಣ್ಣ ಹುಳ ಈಗೆಲ್ಲಿ ಮನೆಗ್ ಬರ್ತವೆ ಮೇಡಮ್ಮ?” ಎಂದಳು. “ನೀವೇ ಅಲ್ವಾ ಗಾಡೀಲಿ ತರ್ಸಿದ್ದು.”